ಕಾರಿನ ಮೇಲೊಂದು ಮಾಳಿಗೆ

ಏಪ್ರಿಲ್ ಬಂತೆಂದರೆ ಬಾಗಲವಾಡದಲ್ಲಿ ರಾತ್ರಿ ಮನೆಯೊಳಗೆ ಮಲಗುವವರು ಇಬ್ಬರೇ: ಬಾಣಂತಿ, ಮತ್ತು ಹೊಸ ಕೂಲರ್ ತಂದವನು. ಉಳಿದ ಊರೆಲ್ಲ ಮಾಳಿಗೆ ಹತ್ತುತ್ತದೆ. ಮಾನ್ವಿ, ದೇವದುರ್ಗ, ರಾಯಚೂರು ಸೀಮೆಯ ಬಿಸಿಲು 42, 43 ಡಿಗ್ರಿಗೆ ಹೋಗಿ ಕೂತಮೇಲೆ ಇಳಿಯಲು ಅವಸರ ಮಾಡುವುದಿಲ್ಲ. ಹಳೆಯ ಮಣ್ಣಿನ ಮಾಳಿಗೆಯಾದರೆ ಸಂಜೆ ಒಂದಿಷ್ಟು ನೀರು ಚಿಮುಕಿಸಿದರೆ ಊಟದ ಹೊತ್ತಿಗೆ ತಣ್ಣಗಾಗುತ್ತಿತ್ತು. ಈಗಿನ ಆರ್‌ಸಿಸಿ ಹಾಗಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಹಾಸಿಗೆ ದಾಟಿಸಿ ಬೆನ್ನಿಗೆ ಕೊಡುತ್ತಲೇ ಇರುತ್ತದೆ. ಆದರೂ ಜನ ಹತ್ತುತ್ತಾರೆ. ಮೇಲೆ ಗಾಳಿ ಇದೆ, ಚೇಳಿನ ಭಯ ಕಡಿಮೆ, ಪಕ್ಕದ ಮಾಳಿಗೆಯವರ ಜಗಳ ಪುಕ್ಕಟೆ ಕೇಳಿಸುತ್ತದೆ.

ಇಂಥ ಊರಿನ ಮೊಮ್ಮಗ, ನನ್ನ ಅಕ್ಕನ ಮಗ, ಬೆಂಗಳೂರಿನಿಂದ ಫೋನು ಮಾಡಿ, ಕಾರಿನ ನೆತ್ತಿಯ ಮೇಲೆ ಬಿಚ್ಚಿಕೊಂಡು ಮಲಗುವ ಟೆಂಟು ಕೊಳ್ಳುವವನಿದ್ದೇನೆ, ಆದಷ್ಟು ಹಗುರದ್ದು ಬೇಕು ಎಂದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. "ಕಾರಿನ ಮ್ಯಾಲ ಮಕ್ಕೊಳ್ಳಾಕ? ಮಕ್ಕೋಲಿ ಬಿಡು, ಗಾಳಿ ಬರ್ತದ," ಎಂದಳು ನನ್ನ ತಾಯಿ. ಯಾವುದು ಒಳ್ಳೆಯದೆಂದು ನೋಡಿ ಹೇಳುವ ಕೆಲಸವನ್ನು ಅವನು ನನಗೆ ವಹಿಸಿದ. ಕೊಳ್ಳುವ ದುಡ್ಡು ಇನ್ನೊಬ್ಬರದು, ಆರಿಸುವ ಅಧಿಕಾರ ನಮ್ಮದು. ಲೋಕದಲ್ಲಿ ಇದಕ್ಕಿಂತ ಸುಖದ ವ್ಯಾಪಾರ ಇಲ್ಲ.

ಕಾರಿನ ಮೇಲಿನ ಟೆಂಟು ಹೊಸ ಹುಚ್ಚೇನಲ್ಲ. ಇಟಲಿಯಲ್ಲಿ 1958ರಲ್ಲೇ ಇದನ್ನು ಮಾಡಿ ಮಾರಲು ಶುರುಮಾಡಿದರು. ಆಮೇಲೆ ಹಾವು, ಹುಲಿ, ಸಿಂಹಗಳ ಕಾಟವಿರುವ ಆಫ್ರಿಕಾ ಕಡೆ, ಊರಿಂದ ಊರಿಗೆ ನೂರಾರು ಮೈಲಿ ಇರುವ ಆಸ್ಟ್ರೇಲಿಯಾ ಕಡೆ ಅದು ಚೆನ್ನಾಗಿ ಬೇರುಬಿಟ್ಟಿತು. (ಆಫ್ರಿಕಾದಲ್ಲಿ ಹುಲಿ ಎಲ್ಲಿಂದ ಬಂತು ಎಂದು ನನ್ನ ಮಗಳು ಕೇಳಿದಳು. ಹುಲಿಯನ್ನು ವಾಪಸು ತೆಗೆದುಕೊಂಡಿದ್ದೇನೆ.) ಕಾರಿನ ಮೇಲೆ ಎರಡು ಅಡ್ಡ ಸರಳು, ಸರಳಿನ ಮೇಲೆ ಮಡಿಚಿದ ಟೆಂಟು, ಒಳಗೇ ಒಂದು ತೆಳ್ಳನೆಯ ಹಾಸಿಗೆ, ಬಿಚ್ಚಿದರೆ ಪಕ್ಕಕ್ಕೆ ಇಳಿಬೀಳುವ ಏಣಿ. ಇಷ್ಟೇ ಸಂಸಾರ.

ತೊಡಕು ಇರುವುದು ತೂಕದಲ್ಲಿ. ಇಬ್ಬರು ಮಲಗುವ ಟೆಂಟು ಸಾಮಾನ್ಯವಾಗಿ 50ರಿಂದ 75 ಕೆ.ಜಿ. ತೂಗುತ್ತದೆ. ಹಗುರ ಎಂದು ಹೆಸರು ಮಾಡಿದವು 40ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಸಣ್ಣ ಕಾರುಗಳ ನೆತ್ತಿ ತಡೆಯುವುದೂ ಹೆಚ್ಚುಕಡಿಮೆ ಅಷ್ಟೇ. ಎಷ್ಟೆಂಬುದು ಕಾರಿನ ಜೊತೆ ಬರುವ, ಯಾರೂ ಓದದ ಆ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಇಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: 50 ಕೆ.ಜಿ. ತಡೆಯುವ ನೆತ್ತಿಯ ಮೇಲೆ ಗಂಡ ಹೆಂಡತಿ ಹತ್ತಿ ಮಲಗಿದರೆ ಗತಿ ಏನು? ಏನೂ ಆಗುವುದಿಲ್ಲ. ಆ ಮಿತಿ ಓಡುವ ಕಾರಿಗೆ ಹೇಳಿದ್ದು, ಡೈನಮಿಕ್ ಲೋಡು ಅನ್ನುತ್ತಾರೆ. ನಿಂತ ಕಾರಿನ ನೆತ್ತಿ ಅದರ ಹಲವು ಪಟ್ಟು ಹೊರುತ್ತದೆ. ಓಡುವಾಗ ಮಾತ್ರ ತಗ್ಗಿಗೆ ಇಳಿದು ಎದ್ದಾಗ, ತಿರುವಿನಲ್ಲಿ, ತಟ್ಟನೆ ಬ್ರೇಕು ಒತ್ತಿದಾಗ, ಮೇಲಿನ ಭಾರ ತನ್ನ ತೂಕಕ್ಕಿಂತ ಹೆಚ್ಚು ಬಲದಿಂದ ಜಗ್ಗುತ್ತದೆ. ಎತ್ತರದಲ್ಲಿರುವುದರಿಂದ ಗಾಡಿ ವಾಲುವುದೂ ಹೆಚ್ಚು, ಎದುರುಗಾಳಿಗೆ ಎಣ್ಣೆ ಕುಡಿಯುವುದೂ ಹೆಚ್ಚು.

ಇದನ್ನು ನಾನು ಫೋನಿನಲ್ಲಿ ಅಕ್ಕನ ಮಗನಿಗೆ ಬಿಡಿಸಿ ಹೇಳುತ್ತಿದ್ದರೆ, ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪ ಸುಮ್ಮನೆ ಕೇಳಿಸಿಕೊಂಡು, "ಬಂಡಿ ಹೂಡಿದವಗ ಇದನ್ನ ಹೇಳಾದು ಬ್ಯಾಡ," ಎಂದ. ಅವನು ಹೇಳಿದ್ದು ಸರಿ. ಎತ್ತಿನ ಬಂಡಿಯಲ್ಲಿ ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಕೊರಳಪಟ್ಟಿ ಎತ್ತಿನ ಉಸಿರು ಕಟ್ಟಿಸುತ್ತದೆ. ಹತ್ತಿಯನ್ನೋ ಮೇವನ್ನೋ ಎತ್ತರಕ್ಕೆ ಒಟ್ಟಿದ ಬಂಡಿ ಹಳ್ಳದ ಓರೆಯಲ್ಲಿ ಹೇಗೆ ಮಗುಚುತ್ತದೆ ಎಂಬುದು ಈ ಸೀಮೆಯ ಪ್ರತಿ ಮನೆಯ ಚರಿತ್ರೆಯಲ್ಲೂ ಒಂದು ಅಧ್ಯಾಯ. ಕೊನೆಗೆ ದೊಡ್ಡಪ್ಪ ಕೇಳಿದ ಪ್ರಶ್ನೆಯನ್ನು ಅಂಗಡಿಯವರು ಕೂಡ ಕೇಳಿರಲಿಲ್ಲ: "ಆ ಸರಳು ತೂಕದಾಗ ಹಿಡದಾರೇನು?" ಹಿಡಿದಿರಲಿಲ್ಲ. ಅಡ್ಡ ಸರಳುಗಳೂ ಐದಾರು ಕೆ.ಜಿ. ತೂಗುತ್ತವೆ, ಅವೂ ನೆತ್ತಿಯ ಲೆಕ್ಕಕ್ಕೇ ಸೇರಬೇಕು.

ಇನ್ನು ಗಟ್ಟಿ ಚಿಪ್ಪಿನದೋ ಬಟ್ಟೆಯದೋ ಎಂಬ ವ್ಯಾಜ್ಯ. ಗಟ್ಟಿ ಚಿಪ್ಪೆಂದರೆ ಅಲ್ಯುಮಿನಿಯಮ್ಮಿನದೋ ಫೈಬರಿನದೋ ಪೆಟ್ಟಿಗೆ. ಕೊಂಡಿ ಕಳಚಿದರೆ ನಿಮಿಷದೊಳಗೆ ತಾನೇ ಏಳುತ್ತದೆ, ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ನೋಡಲು ಚಂದ. ಬಟ್ಟೆಯದನ್ನು ಬಿಚ್ಚಲು, ಕೋಲು ಕೊಡಲು, ಬೆಳಿಗ್ಗೆ ಮತ್ತೆ ಮಡಿಚಿ ಪಟ್ಟಿ ಬಿಗಿಯಲು ಹೊತ್ತು ಹಿಡಿಯುತ್ತದೆ, ಗಂಡ ಹೆಂಡತಿ ನಡುವೆ ಮಾತೂ ಬರುತ್ತದೆ. ಬೆಂಗಳೂರಿನಲ್ಲಿ ಕೂತು ನೋಡುವವರು ಗಟ್ಟಿ ಚಿಪ್ಪಿಗೇ ಮನಸೋಲುತ್ತಾರೆ. ನನ್ನ ತೀರ್ಪು ಬೇರೆ. ಮುದಗಲ್ಲಿನ ಬಯಲಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯೊಳಗಿನ ಫೋಮ್ ಹಾಸಿಗೆ ರೊಟ್ಟಿ ಹಂಚಿನಂತೆ ಕಾದಿರುತ್ತದೆ; ಪೆಟ್ಟಿಗೆ ಎಷ್ಟು ಬೇಗ ತೆರೆದರೇನು, ಅದು ಆರುವವರೆಗೆ ಕೆಳಗೇ ಕೂತಿರಬೇಕು. ಅದರಲ್ಲೂ ಒಂದೇ ಕಡೆ ಬಾಯಿ ತೆರೆಯುವ ಮಾದರಿಯಲ್ಲಿ ಕಾಲುಗಳು ಸೇರುವ ತುದಿ ಇಕ್ಕಟ್ಟು, ಅಲ್ಲಿ ಗಾಳಿ ಹೊಗುವುದೇ ಇಲ್ಲ. ಬಟ್ಟೆಯದಾದರೆ ನಾಲ್ಕು ಮಗ್ಗುಲನ್ನೂ ಸುತ್ತಿ ಮೇಲೆ ಕಟ್ಟಿ ಬರೀ ಜಾಲರಿ ಉಳಿಸಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಆ ಜಾಲರಿಯ ಕಣ್ಣು ಎಷ್ಟು ಸಣ್ಣದಿದ್ದರೂ ಸಾಲದು. ಗದ್ದೆಯಲ್ಲಿ ನೀರು ನಿಂತ ದಿನಗಳಲ್ಲಿ ಅಲ್ಲಿನ ಸೊಳ್ಳೆಗಳಿಗೆ ನೆಲವೂ ಒಂದೇ, ಮೇಲಂತಸ್ತೂ ಒಂದೇ.

ಬಟ್ಟೆಯಲ್ಲೂ ಎರಡು ಕುಲ. ಪಾಲಿಯೆಸ್ಟರಿಗೆ ಒಳಮೈ ಲೇಪ ಕೊಟ್ಟದ್ದು ಹಗುರ, ಬೇಗ ಒಣಗುತ್ತದೆ, ಆದರೆ ಒಳಗಿನ ಉಸಿರನ್ನು ಹೊರಗೆ ಬಿಡುವುದಿಲ್ಲ. ಬೆಳಗಿನ ಜಾವಕ್ಕೆ ನಮ್ಮ ಉಸಿರೇ ಹನಿಯಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಹತ್ತಿ ಬೆರೆತ ಕ್ಯಾನ್ವಾಸು ಭಾರ, ಆದರೆ ಗಾಳಿಯಾಡುತ್ತದೆ, ನೆನೆದಾಗ ನೂಲು ಉಬ್ಬಿ ನೇಯ್ಗೆ ತಾನೇ ಬಿಗಿಯಾಗುತ್ತದೆ. ಹತ್ತಿ ಬೆಳೆಯುವ ಸೀಮೆಯವನಾಗಿ ನಾನು ಪಕ್ಷಪಾತಿ ಎಂದು ಬೇಕಾದರೆ ಹೇಳಿ. ಮಾರುವವರು "3000 ಮಿ.ಮೀ. ತಡೆಯುತ್ತದೆ" ಎಂದು ಗತ್ತಿನಿಂದ ಹೇಳುತ್ತಾರೆ. ಅದು ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಸೋರಲು ಶುರುವಾಗುತ್ತದೆ ಎಂಬ ಅಳತೆ, ಮಳೆಯ ಲೆಕ್ಕವಲ್ಲ. ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆಯೇ 600 ಮಿ.ಮೀ. ಆಚೀಚೆ. ದೊಡ್ಡಪ್ಪ 3000 ಎಂದದ್ದು ಕೇಳಿ ಕೈ ಮುಗಿದ.

ಇಷ್ಟೆಲ್ಲ ಯಾಕೆ, ನೆಲದ ಮೇಲೆ ಹೂಡುವ ಮಾಮೂಲಿ ಟೆಂಟು ಸಾಲದೇ, ಅದರ ತೂಕ ಮೂರ್ನಾಲ್ಕು ಕೆ.ಜಿ. ತಾನೇ ಎನ್ನಬಹುದು. ಮಲೆನಾಡಿನಲ್ಲಿ ಸಾಕು. ಎರೆ ಭೂಮಿಯಲ್ಲಿ ಹೂಡಿ ನೋಡಿ. ಬೇಸಿಗೆಯಲ್ಲಿ ಅದು ಮುಷ್ಟಿ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಹೊಡೆದ ಗೂಟ ಬಿರುಕಿಗೆ ಜಾರಿದರೆ ಕೈಗೂ ಸಿಕ್ಕುವುದಿಲ್ಲ, ಬಿರುಕು ಬಿಡದ ಕಡೆ ಗೂಟವೇ ಬಾಗುತ್ತದೆ. ಒಂದು ಹದ ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಚಪ್ಪಲಿಗೆ ಸೇರುಗಟ್ಟಲೆ ಅಂಟಿ, ಟೆಂಟಿನ ತಳವನ್ನು ಮತ್ತೆ ಬೆಳ್ಳಗಾಗದಂತೆ ಬಳಿದುಬಿಡುತ್ತದೆ. ಹಾಗೆಂದು ಕಾರಿನ ಮೇಲಿನ ಟೆಂಟು ಎಲ್ಲವನ್ನೂ ಬಗೆಹರಿಸುತ್ತದೆ ಎಂದಲ್ಲ. ಮಳೆಯಾದ ಎರೆಯಲ್ಲಿ ಕಾರೇ ಹೂತುಹೋಗುತ್ತದೆ. ಮೊರಂ ನೆಲವನ್ನೋ ಕಲ್ಲು ಹಾಸಿದ ಅಂಗಳವನ್ನೋ ಹುಡುಕಿ, ಗಾಲಿಗೆ ಕಲ್ಲು ಕೊಟ್ಟು ಸಮ ಮಾಡಿಕೊಳ್ಳದಿದ್ದರೆ ರಾತ್ರಿಯೆಲ್ಲ ತಲೆ ಕಾಲಿನ ಕಡೆಗೆ ಜಾರುತ್ತಿರುತ್ತದೆ.

ಎತ್ತರದಲ್ಲಿ ಮಲಗುವ ವಿದ್ಯೆ ನಮ್ಮ ಹೊಲಗಳಿಗೆ ಹಳೆಯದು. ಜೋಳ ಹಾಲುಗಾಳಿಗೆ ಬಂದಾಗ ನಾಲ್ಕು ಕಂಬ ನೆಟ್ಟು ಮೇಲೆ ಮಂಚಿಕೆ ಕಟ್ಟಿ, ಹಗಲು ಕವಣೆ ಬೀಸಿ ಹಕ್ಕಿ ಓಡಿಸಿ, ರಾತ್ರಿ ಹಂದಿಗೆ ತಗಡು ಬಡಿದು ಅಲ್ಲೇ ಒರಗುತ್ತಿದ್ದರು. ಜಾತ್ರೆಗೆ ಹೊರಟರೆ ಬಂಡಿಗೆ ಬಿದಿರಿನ ಕಮಾನು ಬಾಗಿಸಿ ಮೇಲೆ ಗುಡಾರ ಹೊದಿಸಿ ಹೆಂಗಸರು ಮಕ್ಕಳು ಒಳಗೆ, ಗಂಡಸರು ಮೂಕಿಗೆ ಊರುಗೋಲು ಕೊಟ್ಟು ಬಂಡಿಯ ಕೆಳಗೆ. ಈಗ ಎತ್ತಿನ ಬದಲು ಟ್ರ್ಯಾಕ್ಟರು, ಬಿದಿರಿನ ಬದಲು ಬಾಗಿಸಿದ ಕಬ್ಬಿಣದ ಪೈಪು, ಗುಡಾರದ ಬದಲು ತಾಡಪತ್ರಿ. ಸವದತ್ತಿ ಎಲ್ಲಮ್ಮನಿಗೂ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೂ ಹೀಗೆ ಟ್ರೇಲರು ಹೂಡಿಕೊಂಡು ಹೋಗುವವರಿಗೆ ಡೈನಮಿಕ್ ಲೋಡು ಎಂದರೇನೆಂದು ಯಾರೂ ಹೇಳಿಕೊಟ್ಟಿಲ್ಲ.

ಟೆಂಟಿನ ಮಾತು ಎತ್ತಿದಮೇಲೆ ಈ ಸೀಮೆಯ ಇನ್ನೆರಡು ಟೆಂಟುಗಳನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಮಾನ್ವಿ, ಸಿಂಧನೂರಿನ ಬಯಲಿನಲ್ಲಿ ಗುಡಿಸಲು, ಡೇರೆ ಹಾಕಿ ನೆಲ ಮಟ್ಟ ಮಾಡಿದರು. ಆ ಕ್ಯಾಂಪುಗಳೇ ಇಂದು ರೈಸ್ ಮಿಲ್ಲು, ಶಾಲೆ, ಬಸ್‌ಸ್ಟಾಪಿನ ಊರುಗಳಾಗಿವೆ. ಕಾಲುವೆ ಮುಟ್ಟದ ಕಡೆಯವರದು ಬೇರೆ ಕಥೆ. ದೇವದುರ್ಗದ ತಾಂಡಾಗಳಿಂದ, ಹಳ್ಳಿಗಳಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರು ಕಟ್ಟಡಗಳ ಮಗ್ಗುಲಿಗೆ ನೀಲಿ ತಾಡಪತ್ರಿಯಡಿ ವರ್ಷಗಟ್ಟಲೆ ಮಲಗುತ್ತಾರೆ. ನಮ್ಮ ಅಕ್ಕನ ಮಗನ ಅಪಾರ್ಟ್‌ಮೆಂಟಿನ ಎದುರಿಗೇ ಅಂಥ ಸಾಲೊಂದಿದೆ. ಅವನು ಟೆಂಟಿನಲ್ಲಿ ಮಲಗಲು ಈ ಕಡೆ ಬರುತ್ತಾನೆ, ಅವರು ಟೆಂಟಿನಲ್ಲಿ ಮಲಗಲು ಆ ಕಡೆ ಹೋಗಿದ್ದಾರೆ. ಇದನ್ನು ಅವನಿಗೆ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಮಾಮಾ, ಜಾಲರಿ ಎರಡು ಪದರದ್ದು ತೊಗೊಳ್ಳಲಾ?" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಾನೂ ಆ ಹೊತ್ತಿಗೆ ಜಾಲರಿಯನ್ನೇ ಯೋಚಿಸುತ್ತಿದ್ದೆ.

ಎಲ್ಲಿ ನಿಲ್ಲಿಸುವುದು ಎಂಬುದಕ್ಕೂ ನನ್ನ ಸಲಹೆ ಕೇಳಿದ. ಅವನ ಪಟ್ಟಿಯಲ್ಲಿ ಮುದಗಲ್ ಕೋಟೆ ಇತ್ತು, ಗಬ್ಬೂರಿನ ಗುಡಿಗಳಿದ್ದವು, ಮಸ್ಕಿ ಇತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಸಿಕ್ಕಿತಲ್ಲ, ಅದರ ಪಕ್ಕ ಮಲಗಬೇಕೆಂಬ ಆಸೆ ಅವನದು. ರಕ್ಷಿತ ಸ್ಮಾರಕದ ಅಂಗಳದಲ್ಲಿ ಮಲಗಲು ಬಿಡುವುದಿಲ್ಲ ಎಂದೆ. ಹಾಗಾದರೆ ಕೃಷ್ಣೆಯ ದಂಡೆ ಎಂದ. ಹಗಲು ಹೋಗಲಿ, ಕೊಪ್ಪರದ ನರಸಿಂಹನಿಗೆ ಕೈಮುಗಿಯಲಿ. ರಾತ್ರಿ ಮರಳಿನ ಮೇಲೆ ಮಾತ್ರ ಬೇಡ. ಹೊಳೆಯಲ್ಲಿ ಮೊಸಳೆ ಇದೆ. ಅದಕ್ಕೆ ಏಣಿ ಹತ್ತಲು ಬರುವುದಿಲ್ಲ ನಿಜ, ನಮಗೆ ಇಳಿಯಬೇಕಾಗುತ್ತದಲ್ಲ. ಮೊಸಳೆಗಿಂತ ದೊಡ್ಡ ಅಪಾಯ ನಾರಾಯಣಪುರ ಅಣೆಕಟ್ಟಿನ ಗೇಟು. ಮಹಾರಾಷ್ಟ್ರದಲ್ಲಿ ಮಳೆಯಾದರೆ ಇಲ್ಲಿ ಚುಕ್ಕೆಗಳು ಕಾಣುವ ರಾತ್ರಿಯಲ್ಲೂ ಹೊಳೆ ಏರುತ್ತದೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಜನ ಸಿಕ್ಕಿಬೀಳುವ ಸುದ್ದಿ ಪತ್ರಿಕೆಯಲ್ಲಿ ಬರುವುದು ಹೀಗೆಯೇ. ಗುಡಿಯ ಅಂಗಳ ಕೇಳು, ನಲ್ಲಿ, ಲೈಟು, ಒಂದು ಬೇವಿನ ಮರ, ಬೆಳಿಗ್ಗೆ ಚಹಾ ಸಿಗುತ್ತದೆ ಎಂದೆ. ಅವನಿಗೆ ಅಷ್ಟು ರುಚಿಸಿದಂತೆ ಕಾಣಲಿಲ್ಲ.

ಏಣಿಯ ವಿಷಯವನ್ನು ಯಾವ ಮಾರಾಟದ ಪುಸ್ತಿಕೆಯೂ ಸರಿಯಾಗಿ ಹೇಳುವುದಿಲ್ಲ. ನಡುರಾತ್ರಿ ಒಂದಕ್ಕೆ ಹೋಗಬೇಕಾದರೆ ಜಿಪ್ಪು ಎಳೆದು, ಹಿಮ್ಮುಖವಾಗಿ ತಿರುಗಿ, ಕತ್ತಲಲ್ಲಿ ಮೊದಲ ಮೆಟ್ಟಿಲು ಕಾಲಿಗೆ ಸಿಗುವವರೆಗೆ ತಡಕಬೇಕು. ಇಪ್ಪತ್ತೆಂಟರ ವಯಸ್ಸಿನಲ್ಲಿ ಇದು ಸಾಹಸ. ನನ್ನ ವಯಸ್ಸಿನಲ್ಲಿ ಇದು ಮಂಡಿ ಡಾಕ್ಟರರ ಕೈಗೆ ಬರೆದುಕೊಡುವ ಚೀಟಿ. ಮೆಟ್ಟಿಲು ದುಂಡು ಸರಳಿನದಾಗದೆ ಚಪ್ಪಟೆಯಾಗಿರಲಿ ಎಂದಷ್ಟೇ ಹೇಳಿದೆ.

ಕೊನೆಗೆ ಹತ್ತಿ ಬೆರೆತ ಬಟ್ಟೆಯದೇ ಒಂದು ಗೊತ್ತಾಯಿತು, 40 ಕೆ.ಜಿ. ಬೆಲೆ ಲಕ್ಷದ ಹತ್ತಿರ. ಮೊದಲ ಸಲ ಬಾಡಿಗೆಗೆ ತಂದು ನೋಡುವುದೆಂದು ಅವನ ಹೆಂಡತಿ ತೀರ್ಮಾನ ಕೊಟ್ಟಳು. ಕಾರಿನ ಪುಸ್ತಕದಲ್ಲಿ ನೆತ್ತಿಯ ಮಿತಿ 50. ಸರಳು 6. ಇನ್ನು 4 ಕೆ.ಜಿ. ಉಳಿಯಿತು, ದಿಂಬು ಹೊದಿಕೆಗಳನ್ನು ಟೆಂಟಿನೊಳಗೇ ಇಟ್ಟು ಮಡಿಚಬಹುದು ಎಂದು ಅವನು ಹಿಗ್ಗಿದ. ಅಷ್ಟರಲ್ಲಿ ನನ್ನ ತಾಯಿ ಮೊಮ್ಮಗನಿಗೆಂದು ಹೊಲಿದಿಟ್ಟ ಎರಡು ಕೌದಿಗಳನ್ನು ಟ್ರಂಕಿನಿಂದ ತೆಗೆದಳು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ಅದರ ಮೇಲೆ ಮತ್ತೊಂದು ಸೀರೆ, ಬೆರಳಗಲಕ್ಕೊಂದು ದಾರದ ಸಾಲು. ಜೋಳ ತೂಗುವ ತಕ್ಕಡಿಗೆ ಹಾಕಿದೆವು. ಒಂದೊಂದೂ ಮೂರು ಕೆ.ಜಿ. ದಾಟಿತು. ಒಂದನ್ನೇ ಒಯ್ಯುತ್ತೇನೆ ಎಂದು ಅವನು ಫೋನಿನಲ್ಲಿ ಚೌಕಾಸಿ ಮಾಡಿದ. ಎರಡೂ ಹೋಗುತ್ತಿವೆ, ಹಿಂದಿನ ಸೀಟಿನಲ್ಲಿ.