ಸುಲ್ತಾನರಿಗೂ ಒಬ್ಬ ಕಾಕಾ ಇದ್ದ

ದೀಪಾವಳಿ ರಜೆಗೆ ಬಬಲೇಶ್ವರದ ಆಯಿ ಮನೆಗೆ ಹೋದಾಗ ಹೆಳವರು ಬಂದಿದ್ರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಹೆಳವರು ಅಂದ್ರೆ ಮನೆತನದ ವಂಶಾವಳಿ ಹೇಳುವವರು. ಮೊದಲೆಲ್ಲ ಎತ್ತಿನ ಮೇಲೆ ಕೂತು ಬರ್ತಿದ್ರಂತೆ, ಇವರು ಬೈಕ್ ಮೇಲೆ ಬಂದ್ರು. ಕೆಲವು ವರ್ಷಕ್ಕೊಮ್ಮೆ ಬಂದು, ಹಳೇ ಪುಸ್ತಕ ತೆಗೆದು, ಯಾರ ಮಗ ಯಾರು, ಮೂಲ ಊರು ಯಾವುದು ಎಂದು ಓದುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕೊಟ್ಟ ಕಾಳು, ದುಡ್ಡು ತಗೊಂಡು ಹೋಗ್ತಾರೆ.

ನಮ್ಮ ಮೂಲಪುರುಷ ಬರಗಾಲದಲ್ಲಿ ಊರು ಬಿಟ್ಟು ತಿಕೋಟಾಕ್ಕೆ ನಡೆದು ಬಂದು, ಒಬ್ಬರ ಮನೆಯಲ್ಲಿ ಆಳಾಗಿ ದುಡಿದನಂತೆ. ಮೊಮ್ಮಕ್ಕಳ ಕಾಲಕ್ಕೆ ಒಂದು ಕವಲು ಬಬಲೇಶ್ವರಕ್ಕೆ ಬಂತಂತೆ.

ಕಾಕಾನ ಮುಖ ಸಣ್ಣದಾಯ್ತು. ಅವನಿಗೆ ಈಗ ತಿಕೋಟಾದಲ್ಲಿ ದ್ರಾಕ್ಷಿ ತೋಟ ಇದೆ, ಮಗಳ ಮದುವೆ ಮಾತುಕತೆ ನಡೆದಿದೆ. "ಆಳು ಅನ್ನೂದು ಬಿಡ್ರಿ. ದೇಸಾಯರ ಮನೆತನ ಅಂತ ಬರೀರಿ, ಸಾವಿರ ರೂಪಾಯಿ ಜಾಸ್ತಿ ಕೊಡ್ತೀನಿ" ಅಂದ.

ನಿಜ ಹೇಳಬೇಕಂದ್ರೆ ನನಗೂ ಅದೇ ಬೇಕಿತ್ತು. ಫಸ್ಟ್ ಇಯರ್ ಇಂಟ್ರೊದಲ್ಲಿ "ನಮ್ಮದು ವಾಡೆ ಮನೆತನ" ಅಂತ ಹಾಸ್ಟೆಲ್ ತುಂಬಾ ಹೇಳಿಕೊಂಡು ಬಂದಿದ್ದೆ.

ಆದರೆ ಆ ಹೊತ್ತಿಗೆ ನೆನಪಾದದ್ದು ಯೂಸುಫ್ ಆದಿಲ್ ಶಾಹ. ಹೊರಗಿನ ಗೆಳೆಯರಿಗೆ ವಿಜಯಪುರ ತೋರಿಸಬೇಕು ಅಂತ ಆಗಷ್ಟೇ ಅವನ ಬಗ್ಗೆ ಓದಿದ್ದೆ. ಆದಿಲ್‌ಶಾಹಿ ರಾಜ್ಯ ಕಟ್ಟಿದವನು ಅವನೇ. ಇತಿಹಾಸಕಾರ ಫೆರಿಷ್ತಾ ಹೇಳುವ ಪ್ರಕಾರ ಅವನು ಟರ್ಕಿಯ ಆಟೋಮನ್ ಸುಲ್ತಾನ ಎರಡನೇ ಮುರಾದನ ಮಗ. 1451ರಲ್ಲಿ ಮುರಾದ್ ತೀರಿಕೊಂಡಾಗ ಪಟ್ಟಕ್ಕೆ ಬಂದ ಅಣ್ಣ ತಮ್ಮನನ್ನು ಕೊಲ್ಲಿಸಲು ಹೊರಟ. ತಾಯಿ ಮಗನ ಜಾಗದಲ್ಲಿ ಬೇರೊಬ್ಬ ಹುಡುಗನನ್ನು ಇಟ್ಟು, ಮಗನನ್ನು ವ್ಯಾಪಾರಿಯೊಬ್ಬನ ಜೊತೆ ಇರಾನಿನ ಸಾವಾ ಊರಿಗೆ ಕಳಿಸಿದಳು. ಅಲ್ಲಿ ಬೆಳೆದ ಯೂಸುಫ್ ಮುಂದೆ ಇಲ್ಲಿಗೆ ಬಂದು, ಬಹಮನಿ ಮಂತ್ರಿ ಮಹಮೂದ್ ಗವಾನನ ಹತ್ತಿರ ಗುಲಾಮನಾಗಿ ಸೇರಿದ. ಮೇಲೇರುತ್ತಾ ಹೋಗಿ, 1490ರ ಹೊತ್ತಿಗೆ ವಿಜಯಪುರದಲ್ಲಿ ಸ್ವತಂತ್ರನಾದ.

ಪಕ್ಕಾ ಸಿನಿಮಾ ಕಥೆ! ಆದರೆ ಯೂಸುಫ್ ಸತ್ತದ್ದು 1510ರಲ್ಲಿ. ಫೆರಿಷ್ತಾ ಇದನ್ನು ಬರೆದದ್ದು ಸುಮಾರು ನೂರು ವರ್ಷದ ಮೇಲೆ, ಅದೇ ವಂಶದ ಎರಡನೇ ಇಬ್ರಾಹಿಂನ ಆಸ್ಥಾನದಲ್ಲಿ. ಬಹಳ ಇತಿಹಾಸಕಾರರು ಈ ಟರ್ಕಿ ಕಥೆಯನ್ನು ಒಪ್ಪೋದಿಲ್ಲ. ಅಂದ್ರೆ ಸುಲ್ತಾನರಿಗೂ ಒಬ್ಬ ಕಾಕಾ ಇದ್ದ! ಗುಲಾಮನಾಗಿ ಬಂದವನು ರಾಜ್ಯ ಕಟ್ಟಿದ ಅನ್ನೋದೇ ದೊಡ್ಡ ಮಾತು. ಅದು ಅವರಿಗೆ ಸಾಲಲಿಲ್ಲ.

ಇಷ್ಟರಲ್ಲಿ ಒಳಗಿಂದ ಆಯಿ ಬಂದ್ಲು. "ಬರಗಾಲದಾಗ ನಡಕೋತ ಬಂದು ಬದುಕ್ಯಾನ. ಅಂವನ್ನ ತಗದು ಮತ್ತೊಬ್ಬನ್ನ ಕುಂಡ್ರಸ್ತಿಯೇನೋ? ಹಂಗಾದ್ರ ನೀ ಯಾರ ಮಗ?" ಅಂದ್ಲು.

ಕಾಕಾ ಮಾತಾಡಲಿಲ್ಲ. ಹೆಳವರು ಪುಟ ತಿರುಗಿಸಿ ನನ್ನ ಹೆಸರು ಕೇಳಿದ್ರು, ಹೇಳಿದೆ. ಆ ಆಳಿನ ಹೆಸರಿರುವ ಪುಸ್ತಕದಲ್ಲೇ ಈಗ ನನ್ನದೂ ಇದೆ.

ಹಾಸ್ಟೆಲ್ ಗೆಳೆಯರೇ, ವಾಡೆ ಅಂದಿದ್ದು ಸುಳ್ಳು. ಇಂಟ್ರೊ ಇನ್ನೊಮ್ಮೆ ಕೊಡ್ತೀನಿ.