ಗಾಳಿಯನ್ನೇ ನಂಬಿದ ಎಂಜಿನ್

ತುಮಕೂರಿನಲ್ಲಿ ಯಾರ ಬಳಿ ವಿಳಾಸ ಕೇಳಿದರೂ ಮಾತು ಹೆಚ್ಚಾಗಿ ಬಿ.ಎಚ್. ರಸ್ತೆಯಿಂದಲೇ ಆರಂಭವಾಗುತ್ತದೆ. ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಬಂದು ಊರಿನ ನಡುವೆ ಹಾಯುವ ಈ ದಾರಿ, ಇನ್ನೊಂದು 20 ಕಿ.ಮೀ. ಹೋದರೆ ಗುಬ್ಬಿಯನ್ನು ಮುಟ್ಟುತ್ತದೆ. ತುಮಕೂರಿನಿಂದ ದಕ್ಷಿಣಕ್ಕೆ ಹೊರಳಿ ಹೆಬ್ಬೂರಿನ ಮೇಲೆ ಹೋದರೆ ಕುಣಿಗಲ್. ಎರಡೂ ಕಡೆ ತೆಂಗಿನ ತೋಟ, ರಾಗಿ ಹೊಲ, ಅಲ್ಲಲ್ಲಿ ಕೆರೆ ಏರಿ.

ಈ ದಾರಿಗಳಲ್ಲಿ ಈಗಲೂ ಒಮ್ಮೊಮ್ಮೆ ದೂರದಿಂದಲೇ ಗುರುತು ಸಿಗುವ ಒಂದು ಸದ್ದು ಕೇಳುತ್ತದೆ. ಹಳೆಯ ಬುಲೆಟ್ ಬೈಕಿನ ಸದ್ದು. ನಿಮ್ಮ ಮನೆಯ ಅಂಗಳದಲ್ಲೂ ಅಬ್ಬಾ ಅಥವಾ ಮಾವನವರು ಬಿಟ್ಟುಹೋದ ಅಂಥದೊಂದು ಗಾಡಿ ಗೋಣಿತಾಟು ಹೊದ್ದು ನಿಂತಿರಬಹುದು. ಗುಜರಿಗೆ ಕೊಡಿ ಎನ್ನುತ್ತಾರೆ ಒಬ್ಬರು, ಅಬ್ಬಾನ ನೆನಪು ಕೊಡಬೇಡಿ ಎನ್ನುತ್ತಾರೆ ಇನ್ನೊಬ್ಬರು. ಈ ಮಾತು ನಡೆಯುವಾಗ ಹೆಂಗಸರು ಒಳಗೆ ಚಹಾ ಮಾಡುತ್ತಿರುತ್ತಾರೆ. ಆದರೆ ಆ ಗಾಡಿಯ ಹಿಂದೆ ಮಗುವನ್ನು ಎತ್ತಿಕೊಂಡು ಕೂರುವವರು ನೀವು. ಅದರ ಖರ್ಚು ಹೋಗುವುದು ನಿಮ್ಮ ಮನೆಯ ಲೆಕ್ಕದಿಂದ. ಆದ್ದರಿಂದ ಅದರ ವಿಷಯ ನಿಮಗೂ ತಿಳಿದಿರಬೇಕು.

ಬುಲೆಟ್ ನಮ್ಮ ದೇಶದಲ್ಲಿ ತಯಾರಾಗತೊಡಗಿದ್ದು 1955ರಲ್ಲಿ, ಅಂದಿನ ಮದರಾಸಿನಲ್ಲಿ. ನಮ್ಮ ರಾಜ್ಯಕ್ಕೂ ಇಂಥದೊಂದು ಹೆಮ್ಮೆಯಿತ್ತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ನಂತರ ಯೆಜ್ದಿ ಬೈಕುಗಳು ತಯಾರಾದವು. 1996ರಲ್ಲಿ ಅದು ಮುಚ್ಚಿತು. ಬುಲೆಟ್ಟಿನ ಹಳೆಯ ಬೀಡುಕಬ್ಬಿಣದ ಎಂಜಿನ್ ಕೂಡ 2010ರ ಸುಮಾರಿಗೆ ನಿಂತು, ಅದರ ಜಾಗಕ್ಕೆ ಹೊಸ ಬಗೆಯ ಎಂಜಿನ್ ಬಂತು.

ಈ ಹಳೆಯ ಎಂಜಿನ್‌ಗಳಿಗೆ ಕಾರಿನಂತೆ ನೀರಿನ ರೇಡಿಯೇಟರ್ ಇಲ್ಲ. ಸಿಲಿಂಡರಿನ ಸುತ್ತ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ಪಟ್ಟಿಗಳಿವೆಯಲ್ಲ, ಅವುಗಳ ಮೇಲೆ ಗಾಳಿ ಹಾಯ್ದು ಎಂಜಿನ್ ತಣ್ಣಗಾಗಬೇಕು. ಗಾಡಿ ಓಡುತ್ತಿದ್ದರೆ ಗಾಳಿ. ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತರೆ ಗಾಳಿಯಿಲ್ಲ, ಬಿಸಿ ಮಾತ್ರ ಏರುತ್ತದೆ. ಒಳಗಿನ ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಬಿಸಿಗೆ ಅದು ಸುತ್ತಲಿನ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಮಿತಿ ಮೀರಿದರೆ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಜಾಮ್ ಆಗುತ್ತದೆ. ಹಾಗಾಗಿ ಬಿಸಿಲೇರುವ ಮೊದಲೇ ಹೊರಡುವುದು, ಗಂಟೆಗೊಮ್ಮೆ ಮರದ ನೆರಳಿನಲ್ಲಿ ನಿಲ್ಲಿಸುವುದು ಒಳ್ಳೆಯದು. ಕಾದ ಎಂಜಿನ್ ಮೇಲೆ ಮಾತ್ರ ನೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಗುಬ್ಬಿ ಎಂದೊಡನೆ ನಮಗೆ ವೀರಣ್ಣನವರ ನಾಟಕ ಕಂಪೆನಿ ನೆನಪಾಗುತ್ತದೆ. ಈಗ ಆ ತಾಲ್ಲೂಕಿಗೆ ಇನ್ನೊಂದು ಗುರುತೂ ಇದೆ. 2023ರ ಫೆಬ್ರುವರಿಯಲ್ಲಿ ಅಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆಕಾಶದಲ್ಲಿ ಹಾರುವ ಯಂತ್ರವನ್ನು ಕೆಟ್ಟ ಮೇಲೆ ನೋಡೋಣ ಎಂದು ಬಿಡುವಂತಿಲ್ಲ. ಇಷ್ಟು ಗಂಟೆ ಹಾರಿದ ಮೇಲೆ ಈ ಭಾಗವನ್ನು ಪರೀಕ್ಷಿಸಬೇಕು, ಇಷ್ಟಾದ ಮೇಲೆ ಬದಲಿಸಬೇಕು ಎಂಬ ಲೆಕ್ಕವಿರುತ್ತದೆ. ಅಂಗಳದ ಬುಲೆಟ್ಟಿಗೂ ಅದೇ ನಿಯಮ ಹಾಕಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಗ್ಯಾರೇಜಿನಲ್ಲಿ ಏನೇನು ನೋಡಿಸಬೇಕು? ಮೊದಲನೆಯದು ಆಯಿಲ್. ಗಾಳಿಯ ಜೊತೆ ಎಂಜಿನ್ನನ್ನು ತಣ್ಣಗಿಡುವುದು ಅದೇ. ಎರಡನೆಯದು ಟ್ಯಾಪೆಟ್. ಇದನ್ನು ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಹೊಂದಿಸಬೇಕು. ಒಳಗಿನ ಕಡ್ಡಿ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಗಾಡಿ ಓಡಿಸಿಕೊಂಡು ಬಂದ ಕೂಡಲೇ ಟ್ಯಾಪೆಟ್ ಬಿಗಿ ಮಾಡಹೊರಟವರನ್ನು ತಡೆಯಿರಿ. ಹಿಂದಿನ ರಾತ್ರಿಯೇ ಗಾಡಿ ಬಿಟ್ಟುಬಂದರೆ ಉತ್ತಮ. ಮೂರನೆಯದು ಪ್ಲಗ್. ಬಿಚ್ಚಿದಾಗ ಅದರ ತುದಿ ಕಾಫಿಪುಡಿಯ ಬಣ್ಣವಿದ್ದರೆ ಸರಿ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಅಂದರೆ ನಿಮ್ಮ ಹಣ ಹೊಗೆಯಾಗುತ್ತಿದೆ. ಬಿಳುಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ನಾಲ್ಕನೆಯದು ನಟ್ ಬೋಲ್ಟುಗಳು. ಈ ಗಾಡಿಯ ನಡುಕಕ್ಕೆ ಅವು ತಾವಾಗಿಯೇ ಸಡಿಲವಾಗುತ್ತವೆ.

ಹಿಂದೆ ಕೂರುವವರು ನೋಡಬೇಕಾದದ್ದು ಬೇರೆಯೇ ಇದೆ. ಹಳೆಯ ಬುಲೆಟ್ಟಿನ ಚೈನ್ ಎಡಗಡೆ ಇರುತ್ತದೆ. ನಾವು ಒಂದೇ ಕಡೆ ಕಾಲು ಹಾಕಿ ಕೂರುವುದೂ ಎಡಗಡೆಗೇ. ಬುರ್ಖಾದ ಅಂಚು, ದುಪಟ್ಟಾದ ತುದಿ, ಸೀರೆಯ ಸೆರಗು ಚಕ್ರದ ಕಡ್ಡಿಗೆ ಅಥವಾ ಚೈನಿಗೆ ಸಿಕ್ಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅನಾಹುತ. ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸಿದ ಗಾಡಿಗೆ ಅದನ್ನು ಮತ್ತೆ ಹಾಕಿಸದೆ ಹತ್ತಬೇಡಿ. ಜೋತುಬಿದ್ದ ಚೈನ್ ಬಿಗಿ ಮಾಡಿಸಿ. ಅದು ಸುಮಾರು 25ರಿಂದ 30 ಮಿ.ಮೀ. ಆಡಿದರೆ ಸಾಕು. ಸೈಲೆನ್ಸರ್ ಬಲಗಡೆ ಇರುವುದರಿಂದ ಮಕ್ಕಳನ್ನು ಎಡಗಡೆಯಿಂದಲೇ ಹತ್ತಿಸಿ, ಇಳಿಸಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಜಾರಿಯಲ್ಲಿದೆ.

ಇಷ್ಟು ತಿಳಿದು ಕುಣಿಗಲ್ಲಿಗೆ ಹೊರಟರೆ ದಾರಿ ಹಿತವಾಗಿರುತ್ತದೆ. ಜನಪದ ಹಾಡಿನಲ್ಲಿ ಹೆಸರಾದ ಕೆರೆ ಆ ಊರಿನದು. ಅಲ್ಲಿನ ಕುದುರೆ ಫಾರಂ ದೇಶದ ಹಳೆಯ ಫಾರಂಗಳಲ್ಲಿ ಒಂದು. ಟಿಪ್ಪು ಸುಲ್ತಾನರ ಅಶ್ವದಳಕ್ಕೆ ಕುದುರೆ ಬೆಳೆಸಿದ ಊರು ಅದು. ಓಡಿ ಬಂದ ಕುದುರೆಯನ್ನು ಬಲ್ಲವರು ಕೂಡಲೇ ಲಾಯಕ್ಕೆ ಕಟ್ಟುವುದಿಲ್ಲ. ನಿಧಾನವಾಗಿ ನಡೆಸಿ, ಬೆವರು ಆರಿಸಿ, ಕಾಲು ಗೊರಸು ಮುಟ್ಟಿ ನೋಡುತ್ತಾರೆ. ಊರು ಸಮೀಪಿಸಿದಂತೆ ಬುಲೆಟ್ಟಿನ ವೇಗ ತಗ್ಗಿಸಿ, ನಿಲ್ಲಿಸಿದ ಮೇಲೆ ಒಮ್ಮೆ ಬಗ್ಗಿ ಆಯಿಲ್ ಸೋರಿದೆಯೇ ಎಂದು ನೋಡುವುದೂ ಅದೇ ಬಗೆಯ ಆರೈಕೆ.

ಇನ್ನು ದೊಡ್ಡ ಪ್ರಶ್ನೆ, ಇದನ್ನೆಲ್ಲ ಬಲ್ಲ ಕೈಗಳದು. ತುಮಕೂರು ಒಮ್ಮೆ ಎಚ್‌ಎಂಟಿ ಕೈಗಡಿಯಾರ ತಯಾರಾಗುತ್ತಿದ್ದ ಊರು. 2016ರಲ್ಲಿ ಕೇಂದ್ರ ಸರಕಾರ ಆ ವಾಚ್ ಕಂಪೆನಿಯನ್ನೇ ಮುಚ್ಚಲು ತೀರ್ಮಾನಿಸಿತು. ಆದರೂ ಕೀಲಿ ಕೊಡುವ ಹಳೆಯ ಎಚ್‌ಎಂಟಿ ಎಷ್ಟೋ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ, ಏಕೆಂದರೆ ಅದನ್ನು ಬಿಚ್ಚಿ ಜೋಡಿಸಬಲ್ಲವರಿದ್ದಾರೆ. ಬುಲೆಟ್, ಯೆಜ್ದಿಗಳ ಕಥೆಯೂ ಅದೇ. ಸದ್ದು ಕೇಳಿಯೇ ರೋಗ ಹೇಳುವ ಉಸ್ತಾದರಿಗೆ ವಯಸ್ಸಾಗುತ್ತಿದೆ. ಅವರ ಬಳಿ ಕಲಿಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮಗನಿಗೆ ಈ ಕೆಲಸದಲ್ಲಿ ಆಸಕ್ತಿಯಿದ್ದರೆ ಕೀಳು ಎಂದು ತಡೆಯಬೇಡಿ. ಶಾಲೆ ಬಿಡಿಸಿ ಗ್ಯಾರೇಜಿಗೆ ಅಟ್ಟುವುದೂ ಬೇಡ. ಹತ್ತನೆಯ ತರಗತಿ ಮುಗಿಸಿ ಐಟಿಐ ಸೇರಲಿ, ಬಿಡುವಿನಲ್ಲಿ ಉಸ್ತಾದರ ಪಕ್ಕ ಕುಳಿತು ಕಲಿಯಲಿ. ಕೈಯಲ್ಲಿ ಕೆಲಸವೂ ಪ್ರಮಾಣಪತ್ರವೂ ಇದ್ದರೆ ಸಂಬಳ ಕೇಳುವ ಧೈರ್ಯ ಬರುತ್ತದೆ. ಮಗಳು ಆಸೆಪಟ್ಟರೆ ಅವಳಿಗೂ ಇದೇ ಮಾತು.

ಮಾರುವುದೋ ಉಳಿಸಿಕೊಳ್ಳುವುದೋ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ಮೀರಿದ ಬೈಕುಗಳ ಈ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಲಾಯಿತು. ಅದರ ಜೊತೆಗೆ ವಿಮೆ, ಹೊಗೆ ತಪಾಸಣೆ, ಬಿಡಿಭಾಗಗಳ ಖರ್ಚು ಇದೆ. ಕೂಡಿಸಿ ನೋಡಿ. ಉಳಿಸಿಕೊಳ್ಳುವುದೆಂದಾದರೆ ಗೋಣಿತಾಟಿನ ಕೆಳಗೆ ತುಕ್ಕು ಹಿಡಿಯಲು ಬಿಡಬೇಡಿ, ಓಡಿಸುತ್ತಿರಿ. ಮುಂದಿನ ಸಲ ಹೊರಡುವಾಗ ನಿಮ್ಮವರನ್ನು ಒಂದು ನಿಮಿಷ ನಿಲ್ಲಿಸಿ, "ಆಯಿಲ್ ನೋಡಿದಿರಾ? ಚೈನ್ ಬಿಗಿ ಇದೆಯಾ?" ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಹತ್ತಿ ಕುಳಿತುಕೊಳ್ಳಿ.