ನಾವು ಹೆಡ್‌ಫೋನು ಕೊಂಡ ಕಥೆ

ಅರುವತ್ತು ತುಂಬಿದ ಮೇಷ್ಟರೊಬ್ಬರು ತಲೆಯ ಮೇಲೊಂದು ಪಟ್ಟಿ, ಕಿವಿಗಳ ಮೇಲೆರಡು ಬಟ್ಟಲುಗಳನ್ನು ಧರಿಸಿಕೊಂಡು ಕುಳಿತಿರುವುದನ್ನು ಕಂಡರೆ ಬೀದಿಯ ಹುಡುಗರು ನಗುವುದು ಸಹಜವೇ. ನಮ್ಮನ್ನು ಕಂಡು ನಕ್ಕವರಲ್ಲಿ ನಮ್ಮಲ್ಲಿಯೇ ಶಬ್ದಮಂಜರಿ ಓದಿದವರೂ ಉಂಟು. ಆದರೆ ನಮ್ಮ ಮನೆಯಲ್ಲಿ ಒದಗಿದಂತಹ ಸಂದರ್ಭವು ವಾಚಕರಲ್ಲಿ ಹಲವರ ಮನೆಗಳಲ್ಲಿಯೂ ಒದಗಿರಬಹುದು. ಆದಕಾರಣ ಈ ಕಥೆಯನ್ನು ಹೇಳಲು ನಾವು ಸಂಕೋಚಪಡುವುದಿಲ್ಲ.

ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ ನಮ್ಮ ಸಾತನೂರು ಇರುವುದು. ಹಗಲೆಲ್ಲ ಬಸ್ಸುಗಳ ಕೂಗು, ಕಬ್ಬಾಳಮ್ಮನ ದರ್ಶನಕ್ಕೆ ಹೋಗುವವರ ಗಾಡಿಗಳ ಸದ್ದು. ರಾತ್ರಿ ಒಂಬತ್ತು ಹೊಡೆದ ಮೇಲೆ ಊರು ತಣ್ಣಗಾಗುವುದು. ಆ ಹೊತ್ತಿನಿಂದ ಹನ್ನೊಂದರವರೆಗೆ ಸಂಗೀತ ಕೇಳುವುದು ನಮ್ಮ ಮೂವತ್ತು ವರ್ಷದ ಅಭ್ಯಾಸ. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದು ‘ಆಕಾಶವಾಣಿ’ಯೆಂಬ ಹೆಸರಿಗೆ ಕಾರಣರಾದ ನಾಡಿನಲ್ಲಿ ಹುಟ್ಟಿದ ನಮಗೆ ರೇಡಿಯೋ ಎಂದರೆ ಮನೆಯವರಲ್ಲೊಬ್ಬರಿದ್ದಂತೆ. 2016ರ ಜನವರಿ 26ರಂದು ಶಾಸ್ತ್ರೀಯ ಸಂಗೀತಕ್ಕೆಂದೇ ‘ರಾಗಂ’ ವಾಹಿನಿ ಆರಂಭವಾದ ಮೇಲಂತೂ, ಫೋನಿನಲ್ಲಿಯೇ ಅದನ್ನು ಕೇಳುವುದನ್ನು ಕಲಿತು, ಒಂದು ಸಣ್ಣ ಧ್ವನಿಪೆಟ್ಟಿಗೆಯನ್ನೂ ಇಟ್ಟುಕೊಂಡೆವು.

ಹೋದ ವರ್ಷ ನಮ್ಮ ಮನೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮಾತ್ರೆ ನುಂಗಿ ಒಂಬತ್ತಕ್ಕೆಲ್ಲ ಮಲಗಬೇಕು. ನಡುವೆ ನಿದ್ರೆ ಕೆಟ್ಟರೆ ಬೆಳಗಿನವರೆಗೂ ನೋವು ಎಣಿಸುತ್ತ ಕೂರಬೇಕು. ನಮ್ಮದು ಎರಡು ಕೋಣೆ, ಒಂದು ನಡುಮನೆ. ನಡುಮನೆಯಲ್ಲಿ ವೀಣೆ ಮಿಡಿದರೆ ಕೋಣೆಯಲ್ಲಿ ಕೇಳಿಸದೆ ಇರುವುದು ಹೇಗೆ? ಧ್ವನಿಯನ್ನು ಇಳಿಸಿದರೆ ನಮಗೆ ಕೇಳಿಸದು, ಏರಿಸಿದರೆ ಅವರಿಗೆ ನಿದ್ರೆಯಿಲ್ಲ. ಮೂರು ತಿಂಗಳು ಸಂಗೀತವನ್ನೇ ಬಿಟ್ಟೆವು. ಊಟದಲ್ಲಿ ಉಪ್ಪು ಬಿಟ್ಟಂತಾಯಿತು. ಕಡೆಗೆ ಅವರೇ, “ಅಲ್ಲಾಂದ್ರೆ, ಮಕ್ಕಳೆಲ್ಲ ಕಿವಿಗೆ ಹಾಕ್ಕೋತಾರಲ್ಲ, ಹಾಗೆ ನೀವೂ ಒಂದು ತಗೋಬಾರದೆ?” ಎಂದರು.

ಮೊದಲು ಮುನ್ನೂರು ರೂಪಾಯಿಗೆ ಕಿವಿಯೊಳಗೆ ತುರುಕಿಕೊಳ್ಳುವ ಇಯರ್‌ಫೋನು ತಂದೆವು. ಅರ್ಧ ಗಂಟೆಯೊಳಗೆ ಕಿವಿಯೊಳಗೆ ನೋವು. ಮೃದಂಗದ ಎಡಮೈಯ ಗುಂಕಾರವು ಡಬ್ಬ ಬಡಿದಂತೆ ಕೇಳಿಸಿತು. ಆಗ ನಮ್ಮ ಹಳೆಯ ವಿದ್ಯಾರ್ಥಿ, ಮೊಬೈಲು ರಿಪೇರಿ ಮಾಡುವವನು, “ಮೇಷ್ಟ್ರೇ, ಮನೇಲಿ ಕೂತು ಕೇಳೋರಿಗೆ ಕಿವಿ ಪೂರ್ತಿ ಒಳಗೆ ಕೂರುವಂಥ ದೊಡ್ಡದೇ ಸರಿ. ಕಿವಿ ಮೇಲೆ ಒತ್ತಿ ಕೂರೋದು ಬೇಡಿ, ಕನ್ನಡಕದ ಕಡ್ಡಿ ನೋಯಿಸುತ್ತೆ” ಎಂದನು. ಅವನ ಮಾತು ನಿಜವೆಂದು ಅನುಭವದಿಂದ ಹೇಳುತ್ತೇವೆ. ಮೆತ್ತೆಯು ಕಿವಿಯ ಸುತ್ತ ತಲೆಯ ಮೇಲೆ ಕೂರಬೇಕೇ ಹೊರತು ಕಿವಿಯನ್ನೇ ಅದುಮಬಾರದು.

ನಿವೃತ್ತಿವೇತನದಲ್ಲಿ ಮನೆಯ ಖರ್ಚು, ಔಷಧ ಕಳೆದು ಉಳಿಯುವುದನ್ನು ಲೆಕ್ಕ ಹಾಕಿ ನಾಲ್ಕು ಸಾವಿರವೆಂದು ಮಿತಿ ಹಾಕಿಕೊಂಡೆವು. ಅಂಗಡಿಯೊಂದರಲ್ಲಿ ಮೂರೂವರೆ ಸಾವಿರಕ್ಕೆ ತಂತಿಯಿಲ್ಲದ, ಹೊರಗಿನ ಸದ್ದನ್ನು ಅಳಿಸುವ ಯಂತ್ರವುಳ್ಳ, ಸುತ್ತಲೂ ಮುಚ್ಚಿದ ಬಟ್ಟಲುಗಳ ಹೆಡ್‌ಫೋನನ್ನು ತೋರಿಸಿದರು. “ಪಕ್ಕದಲ್ಲಿ ಗುಡುಗಿದರೂ ಗೊತ್ತಾಗಲ್ಲ ಸಾರ್” ಎಂದರು. ನಾವು ಮರುಳಾದೆವು. ಆ ರಾತ್ರಿ ಊರಿನ ಸದ್ದೆಲ್ಲ ಮಾಯವಾಗಿ ತಂಬೂರಿಯೊಂದೇ ಉಳಿದಾಗ, ಇಷ್ಟು ದಿನ ಇದಿಲ್ಲದೆ ಹೇಗೆ ಬಾಳಿದೆವೋ ಎನ್ನಿಸಿತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ತಾನದಲ್ಲಿ ಮುಳುಗಿ ಕಣ್ಣು ಮುಚ್ಚಿ ಕುಳಿತಿದ್ದೆವು. ಮುಗಿದ ಮೇಲೆ ನೀರು ಕುಡಿಯಲೆಂದು ಎದ್ದು ನೋಡಿದರೆ, ಕೋಣೆಯ ಹೊಸ್ತಿಲ ಬಳಿ ನಮ್ಮ ಮನೆಯವರು ನೆಲದ ಮೇಲೆ ಕುಳಿತಿದ್ದಾರೆ. ಊರುಗೋಲು ಒಂದು ಕಡೆ ಬಿದ್ದಿದೆ. ಬಚ್ಚಲಿಗೆಂದು ಎದ್ದವರು ಕಾಲು ಜಾರಿ ಗೋಡೆ ಹಿಡಿದು ಕುಸಿದಿದ್ದರು. ನಮ್ಮಿಂದ ಹತ್ತು ಅಡಿಯೂ ದೂರವಿಲ್ಲ. “ಎಷ್ಟು ಸಲ ಕೂಗಿದೆ ಅಂದ್ರೆ... ನಿಮ್ಮ ತಲೆ ಮಾತ್ರ ತಾಳಕ್ಕೆ ಆಡ್ತಾ ಇತ್ತು” ಎಂದರು. ಕೋಪದಿಂದ ಹೇಳಲಿಲ್ಲ, ಅದೇ ನಮಗೆ ಹೆಚ್ಚು ನೋವಾದುದು. ದೈವಕೃಪೆಯಿಂದ ಮಂಡಿಗೆ ಏನೂ ಆಗಿರಲಿಲ್ಲ. ಮೂವತ್ತೈದು ವರ್ಷ ಜೊತೆಯಲ್ಲಿ ಬಾಳಿದವರ ಕೂಗನ್ನು ಕೇಳದ ಕಿವಿಗೆ ಯಾವ ರಾಗ ಕೇಳಿದರೇನು ಎಂದು ಆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಮರುದಿನ ಆ ಸಾಧನವನ್ನು ಪೆಟ್ಟಿಗೆಗೆ ಸೇರಿಸಿದೆವು.

ಒಂದು ವಾರದ ತರುವಾಯ ವಿದ್ಯಾರ್ಥಿಗೆ ಈ ವಿಷಯವನ್ನು ಹೇಳಲಾಗಿ, ಅವನು, “ಬಟ್ಟಲಿನ ಹಿಂಭಾಗ ತೆರೆದಿರೋದೂ ಬರುತ್ತೆ ಮೇಷ್ಟ್ರೇ, ಜಾಲರಿ ಥರ ಇರುತ್ತೆ. ಅದರಲ್ಲಿ ಹೊರಗಿನ ಮಾತೂ ಕೇಳುತ್ತೆ” ಎಂದನು. ಆಗ ನಾವು ಬುದ್ಧಿವಂತರಾಗಿ, ಕೊಳ್ಳುವ ಮೊದಲು ತಿಳಿಯತೊಡಗಿದೆವು.

ನಾವು ಓದಿದ ತರ್ಕಶಾಸ್ತ್ರದಲ್ಲಿ ಶಬ್ದವು ಹರಡುವ ಬಗೆಗೆ ಎರಡು ನ್ಯಾಯಗಳನ್ನು ಹೇಳಿದೆ. ಅಲೆಯಿಂದ ಅಲೆ ಹುಟ್ಟಿ ಸಾಗುವುದು ವೀಚೀತರಂಗನ್ಯಾಯ. ಕದಂಬದ ಹೂವಿನಂತೆ ಎಲ್ಲ ದಿಕ್ಕಿಗೂ ಒಮ್ಮೆಲೇ ಬಿರಿಯುವುದು ಕದಂಬಮುಕುಳನ್ಯಾಯ. ಹೆಡ್‌ಫೋನಿನೊಳಗಿನ ತೆಳ್ಳನೆಯ ಪೊರೆಯು ಅಲುಗಿದಾಗ ಅಲೆಯು ಕಿವಿಯ ಕಡೆಗೂ ಹೋಗುವುದು, ಹಿಂದಕ್ಕೂ ಹೋಗುವುದು. ಮುಚ್ಚಿದ ಬಟ್ಟಲಿನಲ್ಲಿ ಹಿಂದಕ್ಕೆ ಹೋದ ಅಲೆಯು ಗೋಡೆಗೆ ತಗುಲಿ ಮರಳುವುದು. ತೆರೆದುದರಲ್ಲಿ ಹೊರಗೆ ಹರಿದುಹೋಗುವುದು. ಆದುದರಿಂದಲೇ ತೆರೆದುದರಲ್ಲಿ ಸಂಗೀತವು ತಲೆಯೊಳಗೆ ಇಕ್ಕಟ್ಟಾಗದೆ, ಎದುರಿನ ಜಮಖಾನದ ಮೇಲೆ ಕುಳಿತು ಹಾಡಿದಂತೆ ಬಿಡುಬೀಸಾಗಿ ಕೇಳುವುದು. ಕಿವಿಯೂ ಬೆವರದು. ದೋಷವೆಂದರೆ ಸಂಗೀತ ಸ್ವಲ್ಪ ಹೊರಗೆ ಸೋರುವುದು, ಹೊರಗಿನ ಸದ್ದು ಒಳಗೆ ಬರುವುದು, ತಗ್ಗಿನ ಗುಂಕಾರ ತುಸು ಕಡಮೆಯಾಗುವುದು. ಬಸ್ಸಿನಲ್ಲಿ ತಿರುಗುವವರಿಗೆ ಇವು ದೋಷಗಳೇ ಸರಿ. ನಮ್ಮಂಥವರಿಗೆ ಎರಡನೆಯದು ಗುಣವೇ ಆಯಿತು. ಅಮೆರಿಕದ ಜಾನ್ ಕಾಸ್ ಎಂಬವರು 1958ರಲ್ಲಿ ಎರಡು ಕಿವಿಗೂ ಬೇರೆ ಬೇರೆ ನಾದ ನೀಡುವ ಹೆಡ್‌ಫೋನನ್ನು ಸಂಗೀತಪ್ರಿಯರಿಗಾಗಿ ತಂದರು. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ಎಚ್‌ಡಿ 414 ಎಂಬ ತೆರೆದ ಬಗೆಯದನ್ನು ಮಾರಾಟಕ್ಕೆ ತಂದಿತು. ನಮಗೆ ಹೊಸದಾದುದು ಜಗತ್ತಿಗೆ ಹೊಸದಲ್ಲ.

ಈ ನಡುವೆ ಮಳವಳ್ಳಿಯ ಮೇಲೆ ಮೈಸೂರಿಗೆ ಹೋಗಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನೂ ಪರೀಕ್ಷಿಸಿಕೊಂಡೆವು. ಕೊಡದ ತೂತನ್ನು ನೋಡದೆ ಹಗ್ಗವನ್ನು ಬದಲಾಯಿಸಿ ಫಲವೇನು? ಸೆಕೆಂಡಿಗೆ ನಾಲ್ಕು ಸಾವಿರ ಕಂಪನಗಳ ಮೇಲಿನ ಸ್ವರಗಳು ನಮ್ಮ ಎರಡು ಕಿವಿಗೂ ಕ್ಷೀಣವಾಗಿವೆಯೆಂದು ತಿಳಿಯಿತು. ಶಕಾರ, ಷಕಾರ, ಸಕಾರಗಳ ಭೇದ ತಿಳಿಯುವುದು ಆ ಎತ್ತರದ ಸ್ವರಗಳಿಂದಲೇ ಎಂದು ಅಲ್ಲಿ ವಿವರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಆ ಭೇದವನ್ನು ಕಲಿಸಿದ ನಮಗೆ ಇದೊಂದು ವಿಧಿಯ ಹಾಸ್ಯವೇ. ವಯಸ್ಸಿಗೆ ಸಹಜವೇ ಆದರೂ, ಧ್ವನಿಯನ್ನು ಏರಿಸಿ ಏರಿಸಿ ಕೇಳಿದರೆ ಉಳಿದುದೂ ಹೋಗುವುದೆಂದು ಎಚ್ಚರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಂತೆ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಏರಿದ ಮಾತ್ರಕ್ಕೆ ಹತ್ತರಲ್ಲೊಂದು ಪಾಲು! ಗೃಹಸ್ಥರು ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಇಷ್ಟು ತಿಳಿದ ಮೇಲೆ ಪೆಟ್ಟಿಗೆಯ ಮೇಲಿನ ಅಂಕಿಗಳು ನಮ್ಮನ್ನು ಹೆದರಿಸಲಿಲ್ಲ. ‘ನಲವತ್ತು ಸಾವಿರ ಕಂಪನದವರೆಗೆ’ ಎಂದು ಬರೆದಿದ್ದರೆ ನಕ್ಕುಬಿಡಬಹುದು. ತರುಣರ ಕಿವಿಯೇ ಇಪ್ಪತ್ತು ಸಾವಿರವನ್ನು ದಾಟದು, ಎಫ್.ಎಂ. ರೇಡಿಯೋ ಹದಿನೈದು ಸಾವಿರಕ್ಕೆ ನಿಲ್ಲುವುದು. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹಳೆಯ ತಟ್ಟೆಗಳಲ್ಲಿ ಅಷ್ಟೂ ಇಲ್ಲ. ಮೇಲಿನ ಸ್ವರವನ್ನು ಚುಚ್ಚುವಂತೆ ಎತ್ತಿ ತೋರಿಸುವ ಹೆಡ್‌ಫೋನಿನಲ್ಲಿ ಅಂಥ ತಟ್ಟೆಗಳ ಚರಚರ ಸದ್ದೇ ಮುಂದೆ ಬರುವುದು.

ನೋಡಬೇಕಾದ ಅಂಕಿ ಓಮ್ ಎಂಬುದು. ಅದು ವಿದ್ಯುತ್ತಿಗೆ ಒಡ್ಡುವ ತಡೆ. ಫೋನಿನ ಅಲ್ಪಶಕ್ತಿಗೆ ಮೂವತ್ತೆರಡರ ಸುತ್ತಿನದು ಒಗ್ಗುವುದು; ಮುನ್ನೂರರದನ್ನು ಫೋನಿಗೆ ಹಾಕಿದರೆ ಸಾಮಾನ್ಯವಾಗಿ ಪಿಸುಮಾತಿನಂತಾಗಿ, ಬೇರೆ ವರ್ಧಕವನ್ನು ಕೊಳ್ಳಬೇಕಾಗುವುದು. ಬೇಯರ್‌ಡೈನಮಿಕ್ ಸಂಸ್ಥೆಯ ಡಿಟಿ 770 ಎಂಬ ಒಂದೇ ಹೆಸರಿನದು 32, 80, 250 ಓಮುಗಳಲ್ಲಿ ಬಂದಿದೆಯೆಂದರೆ, ಹೆಸರನ್ನಷ್ಟೇ ನೋಡಿ ಕೊಳ್ಳುವುದು ಎಂಥ ಅಪಾಯವೆಂದು ತಿಳಿಯುವುದು.

ತಂತಿ ಬೇಕೆ ಬೇಡವೆ ಎಂಬುದು ಇನ್ನೊಂದು ಪ್ರಶ್ನೆ. ತಂತಿಯಿಲ್ಲದುದರಲ್ಲಿ ನಾವು ಕೊಟ್ಟ ಹಣದಲ್ಲಿ ಒಂದು ಪಾಲು ಬ್ಯಾಟರಿಗೂ ಒಳಗಿನ ಯಂತ್ರಕ್ಕೂ ಹೋಗುವುದು. ಬ್ಯಾಟರಿಯೋ ಕೆಲವು ವರ್ಷಗಳಲ್ಲಿ ಸೊರಗುವುದು. ಸದ್ದನ್ನು ಅಳಿಸುವ ಯಂತ್ರವು ಬಸ್ಸಿನ ಗುಯ್‌ಗುಡುವಿಕೆಯಂತಹ ಒಂದೇ ಸಮನಾದ ಸದ್ದಿಗೆ ಒಳ್ಳೆಯದು. ರಾತ್ರಿಯ ಸಾತನೂರಿನಲ್ಲಿ ಅಳಿಸಬೇಕಾದ ಸದ್ದಾದರೂ ಏನಿದೆ? ಕೂತಲ್ಲಿ ಕೇಳುವವರಿಗೆ ತಂತಿಯದರಲ್ಲಿಯೇ ಕೊಟ್ಟ ಹಣಕ್ಕೆ ಹೆಚ್ಚು ನಾದ. ಆದರೆ ತಂತಿಯನ್ನು ಬಿಚ್ಚಿ ಬದಲಾಯಿಸಲು ಬರುವಂತಿರಲಿ; ಮೊದಲು ಕೆಡುವುದು ಅದೇ. ಎರಡನೆಯದಾಗಿ ಸವೆಯುವುದು ಕಿವಿಯ ಮೆತ್ತೆ. ಅದು ಬಿಡಿಯಾಗಿ ಸಿಗುವುದೇ ಎಂದು ಕೇಳಿ ಕೊಳ್ಳಬೇಕು. ಈಗಿನ ಹಲವು ಫೋನುಗಳಲ್ಲಿ ಪಿನ್ನಿನ ತೂತೇ ಇರುವುದಿಲ್ಲ. ಅದಕ್ಕೆ ಜೋಡಿಸುವ ಸಣ್ಣ ತುಂಡಿಗೂ ಹಣವನ್ನು ಎತ್ತಿಡಬೇಕು.

ಹೀಗೆ ಸಿದ್ಧರಾಗಿ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋದೆವು. ನಮಗೆ ಚೆನ್ನಾಗಿ ಪರಿಚಯವಿದ್ದ ಮೂರು ಧ್ವನಿಮುದ್ರಣಗಳನ್ನು ಫೋನಿನಲ್ಲಿ ಒಯ್ದಿದ್ದೆವು: ಒಂದು ವೀಣೆ, ಒಂದು ಗಾಯನ, ಒಂದು ಗಮಕವಾಚನ. ಅಂಗಡಿಯವನು ಹಾಕುವ ಅಬ್ಬರದ ಹಾಡಿನಿಂದ ಏನನ್ನೂ ತಿಳಿಯಲಾಗದು. ಬಲ್ಲ ಧ್ವನಿಯಿಂದಲೇ ಪರೀಕ್ಷಿಸಬೇಕು. ಕೇಳಲು ಕೊಡದ ಅಂಗಡಿಗಳಿಗೆ ನಮಸ್ಕಾರ ಹೇಳಿದೆವು. ಕೊಟ್ಟ ಒಂದರಲ್ಲಿ ಕಾಲು ಗಂಟೆ ಕನ್ನಡಕ ಸಹಿತವಾಗಿ ಧರಿಸಿ ಕುಳಿತೆವು. ತೂಕ ಹೊರೆಯಾಗಲಿಲ್ಲ, ಕೆನ್ನೆ ನೋಯಲಿಲ್ಲ. ಮೀಟಿದ ತಂತಿಯ ಸದ್ದು ಆರುವವರೆಗೂ ಅನುಸರಿಸಲಾಯಿತು. ಗಮಕಿಯ ಉಸಿರು ಕೇಳಿಸಿತು. ಅಂಗಡಿಯ ಹುಡುಗ ಪಕ್ಕದಿಂದ “ಸಾರ್, ಕಾಫಿ?” ಎಂದುದೂ ಕೇಳಿಸಿತು. ಆ ಕ್ಷಣದಲ್ಲಿ ನಿರ್ಧರಿಸಿಬಿಟ್ಟೆವು.

ಬೆಲೆ ನಾಲ್ಕು ಸಾವಿರದ ಎಂಟುನೂರು. ಮಿತಿಯನ್ನು ಮೀರಿದೆವೆಂದು ಒಪ್ಪಿಕೊಳ್ಳುತ್ತೇವೆ. ಮೊದಲನೆಯದನ್ನು ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬನಿಗೆ ಅರ್ಧ ಬೆಲೆಗೆ ಕೊಟ್ಟೆವು. ಅವನಿಗೆ ಅದು ಸರಿಯಾದ ವಸ್ತುವೇ. ನಷ್ಟವಾದ ಅರ್ಧವನ್ನು ನಮ್ಮ ಪಾಠದ ಶುಲ್ಕವೆಂದು ಬಗೆದೆವು. ನಾವು ಕೊಂಡುದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರುಗಳು ಬದಲಾಗುತ್ತಿರುವುವು, ಬೆಲೆಗಳು ಏರಿಳಿಯುವುವು. ಲಕ್ಷಣಗಳನ್ನು ಬಲ್ಲವರು ಲಕ್ಷ್ಯವನ್ನು ತಾವೇ ಗುರುತಿಸಬಲ್ಲರು.

ಮನೆಗೆ ತಂದ ರಾತ್ರಿ ಒಂದು ಪರೀಕ್ಷೆಯನ್ನು ಏರ್ಪಡಿಸಿದೆವು. ನಮ್ಮ ಮನೆಯವರು ಕೋಣೆಯಲ್ಲಿ ಮಲಗಿ, ಬಾಗಿಲನ್ನು ಓರೆಯಾಗಿಸಿ, ಎಂದಿನ ದನಿಯಲ್ಲಿ ಕರೆಯುವುದು. ನಾವು ನಡುಮನೆಯಲ್ಲಿ ಸಂಗೀತ ಕೇಳುತ್ತ ಓಗೊಡುವುದು. ಮೊದಲನೆಯ ಕರೆ ನಮಗೆ ಕೇಳಿಸಲಿಲ್ಲವಂತೆ. ಧ್ವನಿಯನ್ನು ಎರಡು ಗೆರೆ ಇಳಿಸಿದೆವು. ಎರಡನೆಯ ಬಾರಿ, “ಏನೂಂದ್ರೆ” ಎಂಬುದು ತಂಬೂರಿಯ ನಡುವೆ ಸ್ಪಷ್ಟವಾಗಿ ಬಂದಿತು. “ಏನು?” ಎಂದು ಕೂಗಿದೆವು. “ಏನೂ ಇಲ್ಲ, ಕೇಳಿ” ಎಂದರು.

ಸೋರುವ ನಾದದಿಂದ ನಿದ್ರೆಗೆ ತೊಂದರೆಯಾಗುವುದೇ ಎಂದು ಮರುದಿನ ಬೆಳಗ್ಗೆ ವಿಚಾರಿಸಿದೆವು. “ದೂರದಲ್ಲಿ ಜೀರುಂಡೆ ಕೂಗಿದ ಹಾಗೆ ಇರುತ್ತೆ. ನೀವು ಇನ್ನೂ ಎದ್ದಿದ್ದೀರಿ ಅಂತ ಗೊತ್ತಾಗತ್ತೆ, ಹಾಗೇ ನಿದ್ದೆ ಬರತ್ತೆ” ಎಂದರು.

ಆ ಎರಡು ಗೆರೆಯ ಕೆಳಗಿನ ಜಾಗವೇ ಇಂದಿಗೂ ನಮ್ಮ ಮಿತಿ. ಕಿವಿಗೂ ಅದೇ ಕ್ಷೇಮವೆಂದು ಮೈಸೂರಿನವರ ಮಾತಿನಿಂದ ತಿಳಿದಿದ್ದೇವೆ. ವಯಸ್ಸಾದಂತೆ ಕಿವಿ ಇನ್ನಷ್ಟು ಮಂದವಾಗಬಹುದಾದುದರಿಂದ ತಿಂಗಳಿಗೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡುತ್ತೇವೆ: ಅವರು ಮಲಗಿದಲ್ಲಿಂದ ಕರೆಯುವರು, ನಾವು ಕುಳಿತಲ್ಲಿಂದ ಓಗೊಡುವೆವು. ಇದುವರೆಗೆ ತಪ್ಪಿಲ್ಲ.